ಎರಡು ಊರಿನ ಒಂದು ಕ್ಯಾಲೆಂಡರ್: ಜರ್ಮನಿಯಲ್ಲಿ ಚಿಕ್ಕ ಮಕ್ಕಳ ಜೊತೆ ರಜೆ, ಹಬ್ಬ ಹೊಂದಿಸಿಕೊಳ್ಳುವ ಬಗೆ

ನಾವು ಮ್ಯೂನಿಕ್‌ನಲ್ಲಿದ್ದೇವೆ. ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಇಲ್ಲಿಗೆ ಬಂದ ಮೊದಲ ವರ್ಷ, ಆಗಸ್ಟ್ ತಿಂಗಳ ಒಂದು ಸೋಮವಾರ ಬೆಳಗ್ಗೆ, ಮಗಳ ಬೆನ್ನಿಗೆ ಪುಟ್ಟ ಚೀಲ ಹಾಕಿ ಕಿಟಾಗೆ ಕರೆದುಕೊಂಡು ಹೋದೆ. ಕಿಟಾ ಅಂದರೆ ಇಲ್ಲಿನ ಶಿಶುವಿಹಾರ. ಬಾಗಿಲಿಗೆ ಬೀಗ ಬಿದ್ದಿತ್ತು. ಮೂರು ವಾರ ರಜೆ ಅಂತ ಚೀಟಿ ಅಂಟಿಸಿದ್ದರು. ಜನವರಿಯಲ್ಲೇ ಕೊಟ್ಟಿದ್ದ ಪಟ್ಟಿಯನ್ನು ನಾವು ಸರಿಯಾಗಿ ಓದಿರಲಿಲ್ಲ. ಆ ಮೂರು ವಾರ ನಾನೂ ನನ್ನ ಗಂಡನೂ ಪಾಳಿ ಹಾಕಿಕೊಂಡು ಮನೆಯಲ್ಲಿದ್ದೆವು. ಡಿಸೆಂಬರ್‌ನಲ್ಲಿ ಊರಿಗೆ ಹೋಗಲು ಎತ್ತಿಟ್ಟಿದ್ದ ರಜೆಯೆಲ್ಲ ಅಲ್ಲೇ ಕರಗಿಹೋಯಿತು. ಊರಲ್ಲಿ ಅಜ್ಜಿ ಮೊಮ್ಮಗಳಿಗೆ ಅಂತ ರೇಷ್ಮೆ ಲಂಗ ಹೊಲಿಸಿಟ್ಟಿದ್ದರು. ಮುಂದಿನ ವರ್ಷ ನಾವು ಹೋಗುವ ಹೊತ್ತಿಗೆ ಅದು ಗಿಡ್ಡ ಆಗಿತ್ತು.

ಆಮೇಲಿನ ವರ್ಷಗಳಲ್ಲಿ ನಾವು ಕಲಿತ ಕ್ರಮ ಇದು. ಹೊಸದಾಗಿ ಜರ್ಮನಿಗೆ ಬಂದವರಿಗೆ, ಮಕ್ಕಳು ಇನ್ನೂ ಕಿಟಾದಲ್ಲಿರುವ ಅಥವಾ ಈಗತಾನೇ ಶಾಲೆ ಸೇರುತ್ತಿರುವ ಮನೆಗಳಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಉದಾಹರಣೆಗಳೆಲ್ಲ ನಮ್ಮ ಬವೇರಿಯ ರಾಜ್ಯದ್ದು.

ಹೆಜ್ಜೆ 1: ಫ್ರಿಜ್ ಮೇಲೆ ಒಂದೇ ಕ್ಯಾಲೆಂಡರ್ ಹಾಕಿ

ಫೋನಿನ ಕ್ಯಾಲೆಂಡರ್ ಸಾಲದು. ಮಕ್ಕಳ ಕಣ್ಣಿಗೂ ಕಾಣಬೇಕು. ದೊಡ್ಡ ಕಾಗದದ ಕ್ಯಾಲೆಂಡರ್ ತಂದು ಮೂರು ಬಣ್ಣದ ಪೆನ್ ಇಟ್ಟುಕೊಳ್ಳಿ. ಒಂದು ಬಣ್ಣದಲ್ಲಿ ಕಿಟಾ ಮುಚ್ಚುವ ದಿನ, ಇನ್ನೊಂದರಲ್ಲಿ ಶಾಲೆ ರಜೆ ಮತ್ತು ಸರ್ಕಾರಿ ರಜೆ, ಮೂರನೆಯದರಲ್ಲಿ ನಮ್ಮ ಹಬ್ಬಗಳು.

ಶಾಲೆ ರಜೆಯಲ್ಲಿ ಒಂದು ವಿಷಯ ಗೊತ್ತಿರಲಿ. ಜರ್ಮನಿಯ 16 ರಾಜ್ಯಗಳಿಗೂ ಬೇಸಿಗೆ ರಜೆ ಒಟ್ಟಿಗೆ ಬರುವುದಿಲ್ಲ. ರಸ್ತೆ, ರೈಲು ಎಲ್ಲ ಒಂದೇ ದಿನ ತುಂಬಿಹೋಗದಿರಲಿ ಅಂತ ಹಂಚಿಬಿಡುತ್ತಾರೆ. 2026ರಲ್ಲಿ ಬರ್ಲಿನ್‌ಗೆ ಜುಲೈ 9ರಿಂದಲೇ ರಜೆ. ಬವೇರಿಯಕ್ಕೆ ಆಗಸ್ಟ್ 3ರಿಂದ ಸೆಪ್ಟೆಂಬರ್ 14ರವರೆಗೆ. ಹಾಗಾಗಿ ಬೇರೆ ಊರಿನಲ್ಲಿರುವ ಗೆಳೆಯರ ಜೊತೆ ಪ್ರವಾಸ ಹೋಗುವುದಾದರೆ ಅವರ ರಾಜ್ಯದ ದಿನಾಂಕವನ್ನೂ ಕೇಳಿ ಬರೆದುಕೊಳ್ಳಿ.

ಕಿಟಾ ರಜೆಯೇ ಬೇರೆ. ಬವೇರಿಯದಲ್ಲಿ ಕಿಟಾ ವರ್ಷಕ್ಕೆ 30 ದಿನದವರೆಗೆ ಮುಚ್ಚಬಹುದು. ಆಗಸ್ಟ್‌ನಲ್ಲಿ ಎರಡು ಮೂರು ವಾರ, ಕ್ರಿಸ್‌ಮಸ್‌ಗೆ ಒಂದೆರಡು ವಾರ, ನಡುವೆ ಅಲ್ಲಿ ಇಲ್ಲಿ ಒಂದೊಂದು ದಿನ. ಪಟ್ಟಿ ಕೈಗೆ ಬಂದ ದಿನವೇ ಬರೆದುಬಿಡಿ.

ಹೆಜ್ಜೆ 2: ರಜೆಯನ್ನು ಸಂಬಳದ ಹಾಗೆ ಹಂಚಿ

ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ ಕಾನೂನು ಪ್ರಕಾರ ಕನಿಷ್ಠ 20 ದಿನ ರಜೆ. ಎಷ್ಟೋ ಕಂಪನಿಗಳು 28–30 ದಿನ ಕೊಡುತ್ತವೆ. ಇಬ್ಬರದೂ ಸೇರಿಸಿದರೆ ಜಾಸ್ತಿ ಅನಿಸುತ್ತದೆ. ಕಿಟಾ ಮುಚ್ಚುವ ದಿನ ಕಳೆದು ನೋಡಿ, ಆಗ ನಿಜ ಗೊತ್ತಾಗುತ್ತದೆ. ಮೊದಲು ಆ ದಿನಗಳನ್ನು ಇಬ್ಬರೂ ಹಂಚಿಕೊಳ್ಳಿ. ಆಮೇಲೆ ಊರಿನ ಪ್ರಯಾಣ. ಉಳಿದದ್ದು ಹಬ್ಬಕ್ಕೆ, ಇಲ್ಲಿನ ಸಣ್ಣ ಪ್ರವಾಸಕ್ಕೆ.

ಮಗುವಿಗೆ ಜ್ವರ ಬಂದಾಗ ನಿಮ್ಮ ವಾರ್ಷಿಕ ರಜೆ ಮುಟ್ಟಬೇಡಿ. ಕಿಟಾ ಸೇರಿದ ಮೊದಲ ಚಳಿಗಾಲ ಮಗು ತಿಂಗಳಿಗೆ ಎರಡು ಸಲ ಹುಷಾರು ತಪ್ಪಿ ಮಲಗುವುದು ಇಲ್ಲಿ ಎಲ್ಲರ ಮನೆಯಲ್ಲೂ ಇರುವ ಮಾತು. ಸರ್ಕಾರಿ ಆರೋಗ್ಯ ವಿಮೆಯಲ್ಲಿರುವವರಿಗೆ ಇದಕ್ಕೆಂದೇ ಬೇರೆ ರಜೆ ಇದೆ. 2024ರಿಂದ ಪ್ರತಿ ಮಗುವಿಗೆ ಅಪ್ಪನಿಗೆ 15 ದಿನ, ಅಮ್ಮನಿಗೆ 15 ದಿನ. ಮಕ್ಕಳ ಡಾಕ್ಟರಿಂದ ಚೀಟಿ ತಂದು ವಿಮೆಯವರಿಗೆ ಕಳಿಸಬೇಕು. ಸಂಬಳದ ಬಹುಪಾಲು ವಿಮೆಯಿಂದ ಬರುತ್ತದೆ. ಇದು ಗೊತ್ತಿಲ್ಲದೆ ತಮ್ಮ ರಜೆಯನ್ನೆಲ್ಲ ಜ್ವರಕ್ಕೇ ಕಳೆದುಕೊಂಡ ಕನ್ನಡದವರನ್ನು ನಾನು ನೋಡಿದ್ದೇನೆ. ತುಂಬಾ ಬೇಜಾರಾಗುತ್ತದೆ.

ಇನ್ನೊಂದು ಉಪಾಯ. ಮೇ, ಜೂನ್‌ನಲ್ಲಿ ಕೆಲವು ಸರ್ಕಾರಿ ರಜೆಗಳು ಯಾವಾಗಲೂ ಗುರುವಾರವೇ ಬರುತ್ತವೆ. 2026ರಲ್ಲಿ ಮೇ 14 ಮತ್ತು ಜೂನ್ 4. ಶುಕ್ರವಾರ ಒಂದು ದಿನ ಹಾಕಿದರೆ ನಾಲ್ಕು ದಿನ ಸಿಗುತ್ತದೆ. ಆಫೀಸಿನಲ್ಲಿ ಎಲ್ಲರೂ ಇದೇ ಶುಕ್ರವಾರ ಕೇಳುತ್ತಾರೆ. ಜನವರಿಯಲ್ಲೇ ಕೇಳಿ.

ಹೆಜ್ಜೆ 3: ಊರಿಗೆ ಯಾವಾಗ ಅಂತ ಮಗುವಿನ ವಯಸ್ಸು ನೋಡಿ ನಿರ್ಧರಿಸಿ

ಮಗು ಕಿಟಾದಲ್ಲಿ ಇರುವವರೆಗೆ ನೀವು ಸ್ವತಂತ್ರರು. ನವೆಂಬರ್‌ನಲ್ಲಿ ಹೋಗಿ, ಫೆಬ್ರವರಿಯಲ್ಲಿ ಹೋಗಿ, ಯಾರೂ ಕೇಳುವುದಿಲ್ಲ. ಟಿಕೆಟ್ ಅಗ್ಗ, ಊರಲ್ಲಿ ಹವೆಯೂ ಹಿತ. ಸಂಕ್ರಾಂತಿಗೆ ಊರಲ್ಲಿರುವ ಅವಕಾಶ ಈ ಐದಾರು ವರ್ಷದಲ್ಲಿ ಮಾತ್ರ ಸಿಗುತ್ತದೆ. ನನ್ನ ಮಗಳು ಮೂರು ವರ್ಷದವಳಿದ್ದಾಗ ಎಳ್ಳು ಬೆಲ್ಲದ ತಟ್ಟೆ ಹಿಡಿದು ಅಜ್ಜಿಯ ಜೊತೆ ಬೀದಿಯ ಹತ್ತು ಮನೆಗೆ ಹೋಗಿ ಬಂದಳು. ಇವತ್ತಿಗೂ ಅವಳಿಗೆ ಊರು ಅಂದರೆ ಸಕ್ಕರೆ ಅಚ್ಚು.

ಶಾಲೆ ಶುರುವಾದ ಮೇಲೆ ಕಥೆ ಬೇರೆ. ಇಲ್ಲಿ ಶಾಲೆಗೆ ಹೋಗುವುದು ಕಾನೂನಿನ ಕಡ್ಡಾಯ. ಟಿಕೆಟ್ ಅಗ್ಗ ಅಂತ ರಜೆಗೆ ಎರಡು ದಿನ ಮೊದಲೇ ಹೊರಟರೆ ದಂಡ ಬೀಳಬಹುದು. 2018ರ ಮೇ ತಿಂಗಳಲ್ಲಿ ಬವೇರಿಯದ ಮೆಮ್ಮಿಂಗೆನ್ ವಿಮಾನ ನಿಲ್ದಾಣದಲ್ಲಿ ಪೊಲೀಸರು ರಜೆಗೆ ಮುಂಚೆಯೇ ಹೊರಟ ಕುಟುಂಬಗಳನ್ನು ತಡೆದು ವಿಚಾರಿಸಿದ್ದು ಇಲ್ಲಿ ದೊಡ್ಡ ಸುದ್ದಿಯಾಗಿತ್ತು. ನಮ್ಮ ಕಡೆ ಎರಡು ದಿನ ಶಾಲೆ ತಪ್ಪಿಸಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅಲ್ವಾ? ಆ ಅಭ್ಯಾಸ ಇಲ್ಲಿ ಬಿಡಬೇಕು.

ಹಬ್ಬಕ್ಕೆ ಒಂದು ದಿನ ಬೇಕಾದರೆ ದಾರಿ ಇದೆ. ಎರಡು ಮೂರು ವಾರ ಮುಂಚೆ ಶಾಲೆಗೆ ಪತ್ರ ಬರೆಯಿರಿ. ನಮ್ಮ ಧರ್ಮದ ಮುಖ್ಯ ಹಬ್ಬ, ಈ ದಿನ ಮಗುವಿಗೆ ರಜೆ ಬೇಕು ಅಂತ ನೇರವಾಗಿ ಹೇಳಿ. ಜ್ವರ ಅಂತ ಸುಳ್ಳು ಹೇಳುವುದಕ್ಕಿಂತ ಇದು ಎಷ್ಟೋ ಮೇಲು. ಮಗುವೂ ಮರುದಿನ ತರಗತಿಯಲ್ಲಿ ಹಬ್ಬದ ಮಾತನ್ನು ಧೈರ್ಯವಾಗಿ ಹೇಳಬಹುದು.

ಹೆಜ್ಜೆ 4: ಕಾಗದಪತ್ರ

ಇದನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಇಲ್ಲಿ ಹುಟ್ಟಿದ ಮಗು ಭಾರತದ ಪ್ರಜೆಯಾಗಿ ಉಳಿಯಬೇಕಾದರೆ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ಜನನ ನೋಂದಣಿ ಮಾಡಿಸಿ. ಜರ್ಮನ್ ವಾಸದ ಪರವಾನಗಿಗೆ ಆರು ತಿಂಗಳೊಳಗೆ ಅರ್ಜಿ ಹಾಕಿ. ಮಗುವಿಗೆ ಜರ್ಮನ್ ಪೌರತ್ವ ಸಿಕ್ಕಿದ್ದರೆ ಒಸಿಐ ಕಾರ್ಡ್ (ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಮಾಡಿಸುವುದು ಒಳ್ಳೆಯದು, ಪ್ರತಿ ಸಲ ವೀಸಾದ ತಲೆನೋವು ಇರುವುದಿಲ್ಲ. ಹಳೆಯ ಮಕ್ಕಳ ಪಾಸ್‌ಪೋರ್ಟನ್ನು ಜರ್ಮನಿ 2024ರ ಜನವರಿಯಿಂದ ಕೊಡುತ್ತಿಲ್ಲ. ಈಗ ದೊಡ್ಡವರ ಹಾಗೆ ಮಾಮೂಲಿ ಪಾಸ್‌ಪೋರ್ಟೇ ಮಾಡಿಸಬೇಕು, ಅದಕ್ಕೆ ಕೆಲವು ವಾರ ಹಿಡಿಯುತ್ತದೆ. ಅಪ್ಪ ಅಥವಾ ಅಮ್ಮ ಒಬ್ಬರೇ ಮಗುವನ್ನು ಕರೆದುಕೊಂಡು ಹೋಗುವಾಗ ಇನ್ನೊಬ್ಬರ ಒಪ್ಪಿಗೆ ಪತ್ರ, ಮಗುವಿನ ಜನನ ಪತ್ರದ ಪ್ರತಿ ಕೈಚೀಲದಲ್ಲಿರಲಿ.

ಹೆಜ್ಜೆ 5: ಪ್ರತಿ ಹಬ್ಬದಲ್ಲೂ ಮಗುವಿನ ಕೈಗೆ ಒಂದು ಕೆಲಸ ಕೊಡಿ

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು. ಊರಲ್ಲಿ ಹಬ್ಬ ತಾನಾಗಿ ಬರುತ್ತದೆ. ಮಾರ್ಕೆಟ್‌ನಲ್ಲಿ ಮಾವಿನ ಸೊಪ್ಪು, ಬೀದಿಯಲ್ಲಿ ಪೆಂಡಾಲ್, ಪಕ್ಕದ ಮನೆಯ ಒಗ್ಗರಣೆ ವಾಸನೆ. ಮಗು ಸುಮ್ನೆ ನಿಂತಿದ್ದರೂ ಹಬ್ಬ ಅದಕ್ಕೆ ತಾಗುತ್ತದೆ. ಇಲ್ಲಿ ಹೊರಗೆ ಏನೂ ಇಲ್ಲ. ಮಂಗಳವಾರ ಯುಗಾದಿ ಬಂದರೆ ಅದು ಬರೀ ಮಂಗಳವಾರ. ಆದ್ದರಿಂದ ಹತ್ತು ಬಗೆ ಅಡುಗೆ ಮಾಡಿ ಸುಸ್ತಾಗುವ ಬದಲು ಒಂದೇ ಒಂದು ಕೆಲಸ ಆರಿಸಿ. ಅದನ್ನು ಮಗು ತನ್ನ ಕೈಯಿಂದ ಮಾಡಲಿ. ಮುಂದಿನ ವರ್ಷವೂ ಅದೇ ಕೆಲಸ ಅದರದೇ ಆಗಿರಲಿ.

ಪಂಚಾಂಗದ ದಿನಕ್ಕೇ ಎಲ್ಲ ಮಾಡಲು ಆಗದಿದ್ದರೆ ಕೊರಗಬೇಡಿ. ಆ ದಿನ ಬೆಳಗ್ಗೆ ದೀಪ ಹಚ್ಚಿ, ಬೇವು ಬೆಲ್ಲ ಕೊಟ್ಟು ಕಿಟಾಗೆ ಕಳಿಸಿ. ಹೋಳಿಗೆ ಶನಿವಾರ ಆಗಲಿ.

ನಮ್ಮ ಮನೆಯಲ್ಲಿ ಗೌರಿ ಗಣೇಶಕ್ಕೆ ಮಕ್ಕಳು ಮೂರ್ತಿ ಮಾಡುತ್ತಾರೆ. ಕರಕುಶಲ ಸಾಮಾನಿನ ಅಂಗಡಿಯಲ್ಲಿ ಜೇಡಿಮಣ್ಣು ಸಿಗುತ್ತದೆ. ಸುಡಬೇಕಾಗಿಲ್ಲದ, ಬಣ್ಣ ಬೆರೆಸದ ಮಣ್ಣು ನೋಡಿ ತನ್ನಿ. ಎರಡು ಕೆಜಿ ಧಾರಾಳ. ಹೊಟ್ಟೆಗೆ ದೊಡ್ಡ ಉಂಡೆ, ತಲೆಗೆ ಸಣ್ಣದು. ಸೊಂಡಿಲು ಬೀಳದಿರಲು ಒಳಗೆ ಒಂದು ಕಡ್ಡಿ. ಹೋದ ವರ್ಷ ಮಗ ಎರಡು ಕಿವಿ ಮಾತ್ರ ಮಾಡಿದ. ಒಂದು ದೊಡ್ಡದು, ಒಂದು ಚಿಕ್ಕದು. ಅಂಟಿಸುವ ಜಾಗಕ್ಕೆ ಅವನೇ ಬೆರಳಿನಿಂದ ನೀರು ಸವರಿದ. ಸಂಜೆ ಬಾಲ್ಕನಿಯಲ್ಲಿ ಬಕೆಟ್ ನೀರಿನಲ್ಲಿ ಬಿಟ್ಟೆವು. ದಯವಿಟ್ಟು ನದಿಗೆ, ಕೆರೆಗೆ ಬಿಡಲು ಹೋಗಬೇಡಿ. ಬಕೆಟ್ಟಿನ ಮಣ್ಣು ಮರುದಿನ ಹೂಕುಂಡಕ್ಕೆ ಹೋಯಿತು. "ಗಣಪ ಈಗ ಎಲ್ಲಿ?" ಅಂತ ಕೇಳಿದರೆ ಮಗ ಇವತ್ತಿಗೂ ಆ ಕುಂಡ ತೋರಿಸುತ್ತಾನೆ.

ಈ ವರ್ಷ ಗಣೇಶ ಚತುರ್ಥಿ ಸೆಪ್ಟೆಂಬರ್ 14, ಬವೇರಿಯದ ಬೇಸಿಗೆ ರಜೆಯ ಕೊನೆಯ ದಿನ. ಮರುದಿನವೇ ನನ್ನ ಮಗಳು ಒಂದನೇ ತರಗತಿಗೆ ಹೋಗುತ್ತಾಳೆ. ಇಲ್ಲಿ ಮೊದಲ ದಿನ ಮಗುವಿನ ಕೈಗೆ ಅದರ ಎತ್ತರದ ಅರ್ಧದಷ್ಟು ಇರುವ ಕಾಗದದ ಶಂಕು ಕೊಡುತ್ತಾರೆ. ಶುಲ್‌ಟ್ಯೂಟೆ ಅನ್ನುತ್ತಾರೆ. ಒಳಗೆ ಪೆನ್ಸಿಲ್, ಸಿಹಿ, ಸಣ್ಣ ಆಟಿಕೆ. ನಾವು ಗಣಪನ ಮುಂದೆ ತಟ್ಟೆಯಲ್ಲಿ ಅಕ್ಕಿ ಹರಡಿ ಅವಳ ಬೆರಳು ಹಿಡಿದು ಅ ಬರೆಸಿ, ಅದೇ ಅಕ್ಕಿಯ ಪುಟ್ಟ ಗಂಟೊಂದನ್ನು ಆ ಶಂಕುವಿನ ತಳದಲ್ಲಿ ಇಡುವವರಿದ್ದೇವೆ.

ದೀಪಾವಳಿಗೆ ಪಟಾಕಿಯ ಆಸೆ ಬಿಡಿ. ಇಲ್ಲಿ ಸದ್ದಿನ ಪಟಾಕಿ ಮಾರುವುದು ಡಿಸೆಂಬರ್ ಕೊನೆಯ ಮೂರು ದಿನ, ಹಚ್ಚಲು ಬಿಡುವುದು ಡಿಸೆಂಬರ್ 31 ಮತ್ತು ಜನವರಿ 1, ಎರಡು ದಿನ ಮಾತ್ರ. ಸುರುಸುರು ಬತ್ತಿ ವರ್ಷವಿಡೀ ಸಿಗುತ್ತದೆ. ಅದನ್ನೇ ಅಂಗಳದಲ್ಲಿ, ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟು, ದೊಡ್ಡವರ ಕೈಯಲ್ಲಿ ಹಚ್ಚಿ. ಮನೆಯೊಳಗೆ ತುಂಬಾ ದೀಪ ಇಡುವುದಾದರೆ ಕಿಟಕಿ ಸ್ವಲ್ಪ ತೆರೆದಿರಲಿ, ಹೊಗೆಯ ಅಲಾರಂ ಪ್ರತಿ ಮಲಗುವ ಕೋಣೆಯಲ್ಲೂ ಇರುತ್ತದೆ. ಜನ ಸೇರುವುದಿದ್ದರೆ ಎರಡು ದಿನ ಮುಂಚೆ ಮೆಟ್ಟಿಲ ಬಳಿ ಒಂದು ಚೀಟಿ ಅಂಟಿಸಿ: ನಮ್ಮ ಬೆಳಕಿನ ಹಬ್ಬ, ಸ್ವಲ್ಪ ಗಲಾಟೆ ಆಗಬಹುದು ಅಂತ. ಪಕ್ಕದ ಮನೆಗೆ ಒಂದು ಡಬ್ಬಿ ಕೋಡುಬಳೆ ಕೊಡಿ. ರಾತ್ರಿ ಹತ್ತರ ನಂತರ ಇಲ್ಲಿ ಸದ್ದು ಮಾಡುವ ಹಾಗಿಲ್ಲ. ದೋಸೆ ಹಿಟ್ಟು ರುಬ್ಬುವುದನ್ನೂ ಅಷ್ಟರೊಳಗೆ ಮುಗಿಸಿ. ಚಳಿಗಾಲದಲ್ಲಿ ಹಿಟ್ಟು ಹುದುಗದಿದ್ದರೆ ಓವನ್ ಬಿಸಿ ಮಾಡದೆ ಬರೀ ಅದರ ದೀಪ ಹಾಕಿ ಒಳಗಿಡಿ, ಬೆಳಗ್ಗೆ ಉಬ್ಬಿರುತ್ತದೆ.

ಹೆಜ್ಜೆ 6: ಇಲ್ಲಿನ ಹಬ್ಬವನ್ನು ಬಾಗಿಲ ಹೊರಗೆ ನಿಲ್ಲಿಸಬೇಡಿ

ಮಗುವಿನ ಗೆಳೆಯರೆಲ್ಲ ಮಾತಾಡುವುದು ಇಲ್ಲಿನ ಹಬ್ಬದ ಬಗ್ಗೆ. ನವೆಂಬರ್ 11 ಸಂತ ಮಾರ್ಟಿನ್ ದಿನ. ಕಿಟಾದಲ್ಲಿ ಮಕ್ಕಳು ಕಾಗದದ ಲಾಟೀನು ಮಾಡುತ್ತಾರೆ. ಕತ್ತಲಾದ ಮೇಲೆ ಅದನ್ನು ಕೋಲಿಗೆ ಕಟ್ಟಿಕೊಂಡು ಹಾಡುತ್ತಾ ಬೀದಿಯಲ್ಲಿ ಸಾಲಾಗಿ ನಡೆಯುತ್ತಾರೆ. ಚಳಿಯಲ್ಲಿ ತನ್ನ ಕೋಟನ್ನು ಕತ್ತರಿಸಿ ಭಿಕ್ಷುಕನಿಗೆ ಅರ್ಧ ಕೊಟ್ಟ ಸೈನಿಕನ ಕಥೆ ಅದು. ನಮ್ಮ ಮಕ್ಕಳಿಗೆ ಹೇಳಿಕೊಡಲು ಕಷ್ಟವೇ ಇಲ್ಲದ ಕಥೆ. ಲಾಟೀನನ್ನು ಎಸೆಯಬೇಡಿ. ನಾವು ಅದನ್ನು ಎತ್ತಿಟ್ಟು ಮುಂದಿನ ದೀಪಾವಳಿಗೆ ಕಿಟಕಿಯಲ್ಲಿ ಆಕಾಶಬುಟ್ಟಿ ಮಾಡುತ್ತೇವೆ. ಈ ವರ್ಷ ದೀಪಾವಳಿ ನವೆಂಬರ್ 8, ಭಾನುವಾರ. ಮೂರೇ ದಿನದಲ್ಲಿ ಮಾರ್ಟಿನ್ ದಿನ. ಎರಡಕ್ಕೂ ಒಂದೇ ವಾರ ಬೆಳಕು.

ಡಿಸೆಂಬರ್ 5ರ ರಾತ್ರಿ, ಅಂದರೆ ಸಂತ ನಿಕೋಲಸ್ ದಿನದ ಹಿಂದಿನ ರಾತ್ರಿ, ಮಕ್ಕಳು ತಮ್ಮ ಬೂಟು ಒರೆಸಿ ಬಾಗಿಲ ಬಳಿ ಇಡುತ್ತಾರೆ. ಬೆಳಗ್ಗೆ ಅದರಲ್ಲಿ ಕಿತ್ತಳೆ, ಆಕ್ರೋಟ, ಚಾಕೊಲೇಟ್ ಇರಬೇಕು. ಇದನ್ನು ಮರೆತರೆ ಮರುದಿನ ಕಿಟಾದಲ್ಲಿ ನಿಮ್ಮ ಮಗು ಒಂದೇ ಸಪ್ಪೆ ಮುಖ ಹಾಕಿಕೊಂಡು ಕೂರುತ್ತದೆ. ಐದನೇ ತಾರೀಖಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕ್ರಿಸ್‌ಮಸ್‌ನ ಮುಖ್ಯ ಸಂಜೆ ಇಲ್ಲಿ 24. ಅವತ್ತು ಮಧ್ಯಾಹ್ನದ ಹೊತ್ತಿಗೇ ಅಂಗಡಿಗಳು ಮುಚ್ಚುತ್ತವೆ, 25 ಮತ್ತು 26 ಪೂರ್ತಿ ಬಂದ್. ಹಾಲು, ತರಕಾರಿ, ಮಗುವಿನ ಜ್ವರದ ಔಷಧ 23ಕ್ಕೇ ಮನೆಯಲ್ಲಿರಲಿ.

ಹೆಜ್ಜೆ 7: ಹತ್ತಿರದ ಪ್ರವಾಸ

ಐದು ವರ್ಷದೊಳಗಿನ ಮಕ್ಕಳಿಗೆ ದೊಡ್ಡ ಊರುಗಳ ಸುತ್ತಾಟ ಬೇಡ. ರೈತರ ಮನೆಯಲ್ಲಿ ಮೂರು ದಿನ ಉಳಿಯುವ ವ್ಯವಸ್ಥೆ ಇಲ್ಲಿ ತುಂಬಾ ಚೆನ್ನಾಗಿದೆ. ಕರುವಿಗೆ ಹುಲ್ಲು ಹಾಕಬಹುದು, ಮೊಟ್ಟೆ ಆರಿಸಬಹುದು. ಅಡುಗೆಮನೆ ಇರುವ ಮನೆಯನ್ನೇ ಬುಕ್ ಮಾಡಿ. ಚಿಕ್ಕ ಕುಕ್ಕರ್, ಅಕ್ಕಿ, ಹುಳಿಪುಡಿ ಇದ್ದರೆ ಯಾವ ಹಳ್ಳಿಯಲ್ಲೂ ಮಗು ಹಸಿದು ಅಳುವುದಿಲ್ಲ. ಒಲೆ ಇಂಡಕ್ಷನ್ ಇದೆಯಾ ಅಂತ ಮೊದಲೇ ಕೇಳಿ, ಅದರ ಮೇಲೆ ಅಲ್ಯೂಮಿನಿಯಂ ಕುಕ್ಕರ್ ಕೆಲಸ ಮಾಡುವುದಿಲ್ಲ.

ರೈಲಿನಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಐಸಿಇ ಅನ್ನುವ ವೇಗದ ರೈಲುಗಳಲ್ಲಿ ಚಿಕ್ಕ ಮಕ್ಕಳಿರುವವರಿಗೆ ಬೇರೆ ಕೋಣೆ ಇರುತ್ತದೆ, ಬುಕ್ ಮಾಡುವಾಗ ಅದನ್ನೇ ಆರಿಸಿ. ಹುಲ್ಲುಗಾವಲಿನಲ್ಲಿ ಆಡಿ ಬಂದ ದಿನ ಸಂಜೆ ಮಗುವಿನ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂದೆ ಉಣ್ಣಿ ಕಚ್ಚಿದೆಯಾ ನೋಡಿ. ಬವೇರಿಯದಲ್ಲಿ ಉಣ್ಣಿಯಿಂದ ಬರುವ ಮಿದುಳು ಜ್ವರಕ್ಕೆ ಲಸಿಕೆ ಹಾಕಿಸಲು ಹೇಳುತ್ತಾರೆ. ಮಕ್ಕಳ ಡಾಕ್ಟರನ್ನು ಚಳಿಗಾಲದಲ್ಲೇ ಕೇಳಿ, ಅದು ಒಂದೇ ಸಲದ ಸೂಜಿ ಅಲ್ಲ.

ಹೆಜ್ಜೆ 8: ಅಜ್ಜಿ ತಾತ ಬರುವುದಾದರೆ

ಕಿಟಾ ಮುಚ್ಚುವ ವಾರಗಳಿಗೆ ಅವರನ್ನು ಕರೆಸಿ. ಜೂನ್‌ನಿಂದ ಆಗಸ್ಟ್ ಒಳ್ಳೆಯ ಕಾಲ. ಹಿಮದಲ್ಲಿ ಕರೆಸಿದರೆ ಅವರು ಮನೆಯಿಂದ ಹೊರಗೆ ಹೋಗಲು ಹೆದರುತ್ತಾರೆ. ವೀಸಾ 180 ದಿನದಲ್ಲಿ ಹೆಚ್ಚೆಂದರೆ 90 ದಿನಕ್ಕೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಖರ್ಚು ನಮ್ಮದು ಅಂತ ಇಲ್ಲಿನ ವಿದೇಶಿಯರ ಕಚೇರಿಯಲ್ಲಿ ಬರೆದುಕೊಡುವುದಿದ್ದರೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಮೂರು ನಾಲ್ಕು ತಿಂಗಳು ಮುಂಚೆ ಶುರು ಮಾಡಿ. ಬಿಪಿ, ಶುಗರ್ ಮಾತ್ರೆಯನ್ನು ಪೂರ್ತಿ ಅವಧಿಗೆ ಊರಿಂದಲೇ ತರಲಿ, ಡಾಕ್ಟರ ಚೀಟಿ ಸಮೇತ.

ಅವರು ಊರಲ್ಲಿದ್ದಾಗ ಫೋನಿನಲ್ಲಿ "ಅಜ್ಜಿಗೆ ಹಾಯ್ ಹೇಳು" ಅಂತ ಮಗುವನ್ನು ಸುಮ್ನೆ ಕೂರಿಸಬೇಡಿ. ಎರಡೇ ನಿಮಿಷಕ್ಕೆ ಓಡಿಹೋಗುತ್ತದೆ. ನಾವು ಭಾನುವಾರ ಬೆಳಗ್ಗೆ ಫೋನನ್ನು ಅಡುಗೆಮನೆಯಲ್ಲಿ ನಿಲ್ಲಿಸುತ್ತೇವೆ. ಅಜ್ಜಿ ಹೇಳುತ್ತಾರೆ, ಮಗಳು ಚಪಾತಿ ಹಿಟ್ಟು ಕಲಸುತ್ತಾಳೆ. "ಇನ್ನೊಂಚೂರು ನೀರು, ಸಾಕು ಸಾಕು, ಈಗ ನಾದು." ನಾದು, ಲಟ್ಟಿಸು, ಅಂಟು, ಮೆತ್ತಗೆ. ಈ ಮಾತುಗಳೆಲ್ಲ ಅವಳಿಗೆ ಬಂದಿದ್ದು ಹೀಗೆ. ಮಕ್ಕಳು ಜರ್ಮನ್‌ನಲ್ಲಿ ಉತ್ತರ ಕೊಟ್ಟರೆ ನಾನು ಗದರುವುದಿಲ್ಲ. ಅದೇ ಮಾತನ್ನು ಕನ್ನಡದಲ್ಲಿ ಹೇಳಿ ಮುಂದುವರಿಸುತ್ತೇನೆ.

ಹೆಜ್ಜೆ 9: ಹೋಗುವಾಗ, ಬರುವಾಗ

ಎರಡು ವರ್ಷದೊಳಗಿನ ಮಗುವಿಗೆ ವಿಮಾನದಲ್ಲಿ ದೊಡ್ಡವರ ದರದ ಸುಮಾರು ಹತ್ತನೇ ಒಂದು ಭಾಗ. ಆದರೆ ಪ್ರವಾಸದ ನಡುವೆ ಎರಡು ವರ್ಷ ತುಂಬಿದರೆ ವಾಪಸ್ ಬರುವಾಗ ಸೀಟು ಬೇಕು. ಹುಟ್ಟಿದ ದಿನ ನೋಡಿ ಟಿಕೆಟ್ ತೆಗೆಯಿರಿ. ತೊಟ್ಟಿಲು ಬೇಕಾದರೆ ಬುಕ್ ಮಾಡಿದ ದಿನವೇ ಫೋನ್ ಮಾಡಿ ಕೇಳಿ, ಒಂದು ವಿಮಾನದಲ್ಲಿ ಕೆಲವೇ ಇರುತ್ತವೆ. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ನೇರ ವಿಮಾನ ಇದೆ. ಚಿಕ್ಕ ಮಕ್ಕಳಿದ್ದರೆ ಸ್ವಲ್ಪ ಜಾಸ್ತಿ ದುಡ್ಡಾದರೂ ನೇರವೇ ವಾಸಿ ಅಂತ ನನ್ನ ಅನುಭವ.

ಬರುವಾಗ ತುಪ್ಪ ತರಬೇಡಿ. ಹಾಲಿನಿಂದ ಮಾಡಿದ್ದು, ಮಾಂಸದಿಂದ ಮಾಡಿದ್ದು ಯಾವುದನ್ನೂ ಯುರೋಪಿಗೆ ಸೂಟ್‌ಕೇಸಿನಲ್ಲಿ ತರುವಂತಿಲ್ಲ. ಪೇಡದಂಥ ಹಾಲಿನ ಸಿಹಿಗಳೂ ಇದಕ್ಕೇ ಸಿಕ್ಕಿಕೊಳ್ಳಬಹುದು. ಕರಿಬೇವಿಗೂ ಸರ್ಟಿಫಿಕೇಟ್ ಬೇಕು. ತೆಂಗಿನಕಾಯಿ, ಬಾಳೆಹಣ್ಣು ತರಬಹುದು. ನನ್ನ ಅತ್ತೆ ಕಾಯಿಸಿಕೊಟ್ಟ ಎರಡು ಕೆಜಿ ತುಪ್ಪವನ್ನು ಒಮ್ಮೆ ಕಸದ ಡಬ್ಬಿಗೆ ಹಾಕಬೇಕಾಯಿತು. ಆ ದಿನ ಕಣ್ಣಲ್ಲಿ ನೀರು ಬಂತು. ಈಗ ಇಲ್ಲೇ ಕಾಯಿಸುತ್ತೇವೆ. ಉಪ್ಪಿಲ್ಲದ ಹುಳಿ ಕೆನೆಯ ಬೆಣ್ಣೆ, ಅಂದರೆ ಪೊಟ್ಟಣದ ಮೇಲೆ ಜೌವರ್‌ರಾಮ್‌ಬುಟರ್ ಅಂತ ಇರುವುದು, ನಮ್ಮ ಮನೆಯ ಬೆಣ್ಣೆಗೆ ಹತ್ತಿರ. 250 ಗ್ರಾಂನ ನಾಲ್ಕು ಪೊಟ್ಟಣ, ದಪ್ಪ ತಳದ ಪಾತ್ರೆ, ಸಣ್ಣ ಉರಿ. ಮೊದಲು ನೊರೆ ಬರುತ್ತದೆ, ಆಮೇಲೆ ಚಟಪಟ ಸದ್ದು. ನನ್ನ ಮಗನ ಕೆಲಸ ದೂರದಲ್ಲಿ ಕುರ್ಚಿ ಮೇಲೆ ಕೂತು ಆ ಸದ್ದು ಕೇಳುವುದು. ಸದ್ದು ನಿಂತ ಕೂಡಲೇ ಅವನು "ಅಮ್ಮಾ, ಆಯ್ತು" ಅನ್ನುತ್ತಾನೆ. ಆಗ ತಳದ ಗಸಿ ಕಂದು ಬಣ್ಣಕ್ಕೆ ಬಂದಿದೆಯಾ ನೋಡಿ, ನಾಲ್ಕು ಕಾಳು ಮೆಂತ್ಯ ಹಾಕಿ ಇಳಿಸುತ್ತೇನೆ.

ವಾಪಸ್ ಬಂದ ಮೇಲೆ ಕಿಟಾಗೆ ಕಳಿಸುವ ಮುನ್ನ ಎರಡು ದಿನ ಖಾಲಿ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಭಾರತ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಊರಲ್ಲಿ ಬೆಳಗ್ಗೆ 7ಕ್ಕೆ ಏಳುತ್ತಿದ್ದ ಮಕ್ಕಳು ಇಲ್ಲಿ ರಾತ್ರಿ ಎರಡೂವರೆಗೆ ಎದ್ದು ಕೂರುತ್ತಾರೆ. ಗದರಿ ಮಲಗಿಸಲು ನೋಡಬೇಡಿ, ಹೊಟ್ಟೆ ಹಸಿದಿರುತ್ತದೆ. ಹೊರಡುವ ಮುಂಚೆಯೇ ಒಂದು ಡಬ್ಬಿಯಲ್ಲಿ ಅಕ್ಕಿ, ಹೆಸರುಬೇಳೆ ಅಳೆದಿಟ್ಟು ಹೋಗಿ. ದೊಡ್ಡ ದೀಪ ಹಾಕದೆ ಒಲೆಯ ಮೇಲಿನ ಸಣ್ಣ ದೀಪ ಸಾಕು. ಪೊಂಗಲ್ ಬೇಯುವಷ್ಟರಲ್ಲಿ ಮಗಳು ತಟ್ಟೆ ಇಡುತ್ತಾಳೆ, ಮಗ ತುಪ್ಪದ ಡಬ್ಬಿ ತರುತ್ತಾನೆ. ತಿಂದು ಮುಗಿಸಿದರೆ ನಾಲ್ಕರ ಹೊತ್ತಿಗೆ ಮತ್ತೆ ನಿದ್ದೆ ಬರುತ್ತದೆ.